ಜೇಡಿ ಬಂದ ಬಾವಿ

...ನಗ್ತೀಯೇನಮ್ಮ? ನಗು, ನಗು! ಸಮುದ್ರದ ತಳ ಕೊರೆದು ಎಣ್ಣೆ ತೆಗೀತೀವಿ ಅಂತ ಹೋದ್ವಿ, ಬರೀ ಜೇಡಿಕಲ್ಲು ಬಂತು. ಒಳಗೆ ಡೈರೆಕ್ಟರುಗಳು ಎಸಿ ಹಾಕ್ಕೊಂಡು ಕೂತು, ಯಾರ ತಲೆ ಮೇಲೆ ಗೂಬೆ ಕೂರಿಸೋಣ ಅಂತ ನೋಡ್ತಿದಾರೆ. ನೀನು ನಗ್ತಾ ಇದೀಯ!

ಏನು, ಕೆಮ್ಮಾ? ಸರಿ, ಕೆಮ್ಮೇ ಇರ್ಲಿ. ಎಣ್ಣೂರು ಕಡೆಯಿಂದ ಬರೋರಿಗೆಲ್ಲ ಆ ಕರೆಂಟ್ ಸ್ಥಾವರದ ಬೂದಿ ಗಾಳಿಗೆ ಕೆಮ್ಮೇ.

ಕೇಳು ತೇಜಶ್ರೀ. ಕರೆದ ತಕ್ಷಣ ಒಳಗೆ ಹೋಗು, ಒಂದೇ ಮಾತು ಹೇಳು. ತಪ್ಪು ನಂದು, ನನ್ನ ಬಾಸ್ ಸಿದ್ಧಲಿಂಗೇಶ್ ಸರ್‌ಗೆ ನಾನು ಕೊಟ್ಟಿದ್ದೇ ಒಂದು ಸಿಮ್ಯುಲೇಶನ್ ಚಿತ್ರ ಅಂತ. ಅಷ್ಟೇ! ಆಮೇಲೆ ನಿನ್ನ ಕೆಲಸ ಉಳಿಸೋದು ನನಗೆ ಬಿಡು.

ಅಯ್ಯೋ, ಸಿಮ್ಯುಲೇಶನ್ ಅಂದ್ರೇನು ಅಂತ ನಂಗೇ ಪಾಠ ಹೇಳ್ತೀಯಾ? ಹಳೇ ಬಾವಿಗಳಲ್ಲಿ ಯಾವ ಕಲ್ಲಿದೆ ಅಂತ ಗೊತ್ತು. ಅವುಗಳ ನಡುವೆ ಏನಿದೆ? ಶಿವನೇ ಬಲ್ಲ! ಅದಕ್ಕೇ ಕಂಪ್ಯೂಟರ್ ಕೈಲಿ ಊಹೆ ಮಾಡಿಸೋದು. ಇಲ್ಲಿ ಮರಳುಗಲ್ಲು, ಎಣ್ಣೆ ಇರಬಹುದು. ಅಲ್ಲಿ ಜೇಡಿಕಲ್ಲು, ಆಸೆ ಬಿಡಿ. ಒಂದು ಸಲ ಅಲ್ಲ, ನೂರು ಸಲ ಊಹೆ, ನೂರು ಚಿತ್ರ. ಎಷ್ಟರಲ್ಲಿ ಮರಳು ಬಂತು ಅಂತ ನೋಡಿ ಆಮೇಲೆ ಕೊರೀಬೇಕು. ಒಂದೇ ಫೋಟೋ ನೋಡಿ ಯಾರಾದ್ರೂ ತಾಳಿ ಕಟ್ತಾರಾ? ಅದೂ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ!

ನೀನು ಕೊಟ್ಟಿದ್ದು ಒಂದೇ. ನಾನು ಪಾಪದೋನು, ನಂಬಿ ಅದನ್ನೇ ಡೈರೆಕ್ಟರುಗಳಿಗೆ ತೋರಿಸ್ದೆ.

ಏನು? ನೂರೂ ಆಫೀಸ್ ಕಂಪ್ಯೂಟರಲ್ಲಿ ಇಟ್ಟಿದ್ಯಾ? ನೋಡಿ ಸರ್ ಅಂತ ಹೇಳಿದ್ಯಾ? ಸರಿಯಾ ಪೋಚ್ಚು, ಸರಿಹೋಯ್ತು! ಇಟ್ಟಿರಬಹುದಪ್ಪ, ನಾನು ತೆಗೆದೇ ಇಲ್ಲ. ನನ್ನಾಣೆ, ಕಣ್ಣಲ್ಲೂ ನೋಡಿಲ್ಲ. ನೀನು ಎಲ್ಲೋ ಇಟ್ಟಿದ್ದನ್ನ ತಡಕಾಡ್ಕೊಂಡು ಕೂರೋಕೆ ನಂಗೇನು ಬೇರೆ ಕೆಲ್ಸ ಇಲ್ವಾ?

ತಮಿಳಲ್ಲಿ ಏನೋ ಗೊಣಗಿದ್ಯಲ್ಲ? ಜೋರಾಗೇ ಅನ್ನು, ನಂಗೂ ಬರತ್ತೆ. ಹುಟ್ಟಿ ಬೆಳೆದಿದ್ದೇ ಇದೇ ಊರಿನ ಕೀಲ್ಪಾಕಲ್ಲಿ. ನಿಮ್ಮಪ್ಪ ಭೋಜರಾಜ ರೈಲ್ವೇಲಿ ರಿಟೈರ್ ಆದ್ಮೇಲೆ ನಮ್ಮನೆ ಸೋಫಾ ಮೇಲೆ ಕೂತು, ಹುಡುಗಿಗೊಂದು ದಾರಿ ತೋರ್ಸಿ ಅಂದ್ರಲ್ಲ, ಆವತ್ತು ನಾನು ಗೊಣಗಿದ್ನಾ? ಕಾಫಿ ಕೊಟ್ಟೆ. ಕೆಲಸಾನೂ ಕೊಡಿಸ್ದೆ. ಈಗ ನನಗೋಸ್ಕರ ಒಂದು ಮಾತಾಡೋಕೆ ನಿಂಗೆ ನಾಲಿಗೆ ಏಳಲ್ಲ!

ಭಯ ಆಗತ್ತೆ ಕಣಮ್ಮ, ಸುಳ್ಳು ಯಾಕೆ ಹೇಳ್ಲಿ. ಈ ಬಾವೀಲಿ ಎಣ್ಣೆ ಸಿಕ್ರೆ ಡೈರೆಕ್ಟರ್ ಕುರ್ಚಿ ನಂದೇ ಅಂತ ಮನೇಲಿ ಹೋಳಿಗೆನೂ ತಿಂದಾಯ್ತು. ಈಗ ಯಾವ ಮುಖ ಇಟ್ಕೊಂಡು ಮನೆಗೆ ಹೋಗ್ಲಿ? ನಿಂಗೇನು, ವಯಸ್ಸಿದೆ, ಇನ್ನೊಂದ್ಕಡೆ ಕೆಲಸ ಸಿಗತ್ತೆ.

ಆಂ? ಉಳಿಸ್ತೀನಿ ಅಂದಿದ್ನಾ? ಉಳಿಸ್ತೀನಮ್ಮ... ಪ್ರಯತ್ನ ಪಡ್ತೀನಿ.

ಇಲ್ಲ ಅಂತ ತಲೆ ಅಲ್ಲಾಡಿಸ್ತೀಯಾ? ತಪ್ಪು ನಿಂದೇ! ನಿನ್ನ ಸಿಮ್ಯುಲೇಶನ್ನೇ ಸರಿ ಇಲ್ಲ. ಅದೂ ಒಂದು ಕೆಲಸಾನಾ? ಒಂದಾದ್ಮೇಲೊಂದು ತೆಗೆದ್ರೆ ಜೇಡಿ, ಜೇಡಿ, ಹಾಳು ಜೇಡಿ! ಕಣ್ಣು ಉರಿದು ಹೋಯ್ತು ನಂಗೆ. ಕೊನೇಗೆ ಎಲ್ಲೋ ಒಂದ್ರಲ್ಲಿ, ಪುಣ್ಯಕ್ಕೆ, ಮರಳು ನಮ್ಮ ಬಾವಿ ತನಕ ಬಂದಿತ್ತು, ಅದೊಂದು ಸಾಕು, ಮಿಕ್ಕಿದ್ದೆಲ್ಲ ಯಾರಿಗೆ ಬೇಕು ಅಂತ...

ಯಾಕೆ ಹಾಗ್ ನೋಡ್ತೀಯ?

ಅಲ್ಲ... ಪ್ರಮೋದ ಹೇಳ್ದ. ಹಾಂ, ನಿನ್ನ ಪಕ್ಕದ ಸೀಟಿನ ಪ್ರಮೋದ ನೋಡಿದ್ನಂತೆ, ಅವನೇ ಹೇಳಿದ್ದು... ಬೈಯೋದಾದ್ರೆ ಬೈದುಬಿಡಮ್ಮ.

ಕರೆದ್ರಾ? ನಿನ್ನನ್ನೇನಾ? ಇರು, ಏಳ್ಬೇಡ. ನಾನೇ ಮೊದ್ಲು... ಇಲ್ಲ, ಇಬ್ರೂ ಒಟ್ಟಿಗೆ ಹೋಗೋಣ, ನಾನೇ ಮಾತಾಡ್ತೀನಿ. ತೇಜಶ್ರೀ... ತಾಯಿ, ಬಾಗಿಲು ತೆಗೀಬೇಡಮ್ಮ.