ಅಪ್ಪನ ಶೇವಿಂಗ್ ಸೋಪು

ರಿಯಾಯಿತಿ ಅಂಗಡಿ ಹಳೇ ಜಾಗ ಬಿಟ್ಟು ಹೆದ್ದಾರಿಯ ಆಚೆಗೆ ಹೋದ ಮೇಲೆ ಗಡಿಯಾರ ರಿಪೇರಿಯ ಅಜ್ಜ ಅಲ್ಲಿಗೆ ಬಂದದ್ದು ಅದೇ ಮೊದಲು. ಹೆಂಡತಿ ತೀರಿಕೊಂಡಾಗಿನಿಂದ ಮನೆಗೆ ಸಾಮಾನು ತರುವ ಕೆಲಸವೂ ಅವರದೇ. ಬಿಲ್ಲಿನ ಸಾಲಿನಲ್ಲಿ ಅವರ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು.

“ಅಮ್ಮ ಇವತ್ತೂ ಹಳೇ ಅಂಗಡಿ ಬಾಗಿಲಲ್ಲಿ ಕೂತಿದ್ರು ಕಣೆ,” ಎಂದಳು ತಂಗಿ. “ಅಪ್ಪನಿಗೆ ಶೇವಿಂಗ್ ಸೋಪು ಬೇಕಂತೆ.”

“ಅಪ್ಪ ಹೋಗಿ ಎಷ್ಟು ಕಾಲ ಆಯ್ತು! ಇಷ್ಟು ದಿನ ಹೇಗೆ ಸಂಭಾಳಿಸ್ತಿದ್ದೆ?”

“ದಿನಾ ಬೆಳಿಗ್ಗೆ ಅಮ್ಮ ಒಂದು ಸೋಪು ತರೋರು, ಸಂಜೆ ನಾನು ಕದ್ದು ವಾಪಸ್ ಕೊಡ್ತಿದ್ದೆ. ಅಲ್ಲಿದ್ದ ಹುಡುಗಿ ತುಟಿಪಿಟಕ್ ಅನ್ನದೆ ತಗೋತಿದ್ಲು. ಇಲ್ಲಿಯವರು ಆಗಲ್ಲ ಅಂತಾರೆ. ಅಮ್ಮನಿಗೆ ಈ ರಸ್ತೆ ದಾಟೋಕೂ ಆಗಲ್ಲ.”

“ನೀನೇ ಒಂದು ತಂದ್ಕೊಡು ಮತ್ತೆ.”

“ಕೊಟ್ಟೆ. ನನ್ನ ಗಂಡನಿಗೆ ತರೋಕೆ ನೀನ್ಯಾರೇ ಅಂತ ಎಸೆದ್ರು.”

ಅಕ್ಕ ಸಾಮಾನುಗಳನ್ನು ಒಂದೊಂದಾಗಿ ಬಿಲ್ಲಿನ ಮೇಜಿನ ಮೇಲಿಟ್ಟಳು. “ಅಪ್ಪ ಇಲ್ಲ ಅಂತ ಹೇಳ್ಬಿಡೋಣ.”

“ಹೇಳಿದೀನಿ. ಪ್ರತಿ ಸಲಾನೂ ಆಗಷ್ಟೇ ಕೇಳಿದ ಹಾಗೆ ಅಳ್ತಾರೆ. ಇವತ್ತು ನಿನ್ನ ಸರದಿ.”

ಬಿಲ್ಲಾಯಿತು. ಅಕ್ಕ ಚೀಲ ಎತ್ತಿಕೊಂಡಳು.

“ಊಟ ಆದ್ಮೇಲೆ ಹೇಳ್ತೀನಿ. ಊಟನಾದ್ರೂ ಮಾಡ್ಲಿ.”

ಅಜ್ಜ ಆ ತಾಯಿಗಾಗಿ ಮನಸ್ಸಿನಲ್ಲೇ ದೇವರನ್ನು ನೆನೆದು, ಹೊರಡಲು ತಿರುಗಿದ ಅಕ್ಕತಂಗಿಯರಿಗೆ ದಾರಿ ಬಿಟ್ಟರು.