ಮೂವತ್ತೊಂದನೇ ಸಾಲು, ಕಾಳಕ್ಕನ ಮನೆ

ಸೋಮವಾರ ಅಲ್ಲ ಕಣಕ್ಕ, ಬುಧವಾರ! ನಾನು ಮೊದಲನೇ ಸಲ ಈ ಮನೆ ಬಿಟ್ಟು ಹೋಗಿದ್ದು ಐವತ್ತೊಂಬತ್ತನೇ ಇಸವಿ, ದೀಪಾವಳಿ ಕಳೆದ ಬುಧವಾರ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿದ್ದೆ, ನೀನು ಕುರಿ ಕಾಯಾಕೆ ಕಳಿಸಿದೆ, ನಾನು ಕುರೀನ ಬಯಲಲ್ಲೇ ಬಿಟ್ಟು ಲಾರಿ ಹತ್ತಿದೆ. ಆಮೇಲೆ ತೋಳ ಬಂದ್ರೆ ನಾನೇನು ಮಾಡ್ಲಿ? ತೋಳಕ್ಕೆ ಕಾಗದ ಬರೆದು ಕರೆಸಿದ್ನಾ?

ನಗ್ತೀಯಾ? ನಗು, ನಗು! ಹದಿನೇಳು ವರ್ಷ ಊರೂರು ಅಲೆದ ಈ ನಿನ್ನ ತಮ್ಮ ಬೀರಪ್ಪ ಇವತ್ತು ದನದ ಡಾಕ್ಟ್ರ ಆಫೀಸಿನ ಪಟ್ಟಿ ಬರೆಯೋನು. ಆ ಮೊರ ಕೆಳಗಿಡು, ಮಾತು ಕೇಳು. ಪಟ್ಟೀಲಿ ಹೆಸರಿಲ್ಲ ಅಂತ ಕಂಪೌಂಡರು ನಿನ್ನ ಕುರೀಗೆ ಸೂಜಿ ಹಾಕ್ದೆ ವಾಪಸ್ ಕಳಿಸಿದ್ರಂತೆ, ಪಕ್ಕದ ಮನೆ ಬೊಮ್ಮಕ್ಕ ಹೇಳಿದ್ಲು. ಅದಕ್ಕೇ ಬಂದೆ. ಹೊಸ ಹುಲ್ಲು ಮೇಯ್ದ್ರೆ ಕರುಳುಬೇನೆ ಬರ್ತೈತೆ, ಸೂಜಿ ಇಲ್ದಿದ್ರೆ ಹಟ್ಟೀಲಿ ಒಂದೂ ಉಳಿಯಲ್ಲ, ಸೂಜಿ ಹಾಕೋರ ಜೀಪು ಮೂರು ಗಂಟೆಗೆ ಹೊರಡ್ತೈತೆ... ಎಲ್ಲಾ ಗೊತ್ತು ನಂಗೆ. ಆದ್ರೆ ತಪ್ಪು ನನ್ನದಲ್ಲ!

ಗುಮಾಸ್ತ ನಾಗರಾಜಪ್ಪ ಹೆಂಗೆ ಮಾಡ್ತಾನೆ ಗೊತ್ತಾ? ಸೂಜಿಗೊಂದು ಪಟ್ಟಿ, ಜಂತಿನ ಔಷಧಿಗೊಂದು, ಟಗರು ಹಂಚಾಕೊಂದು. ಮೂರಕ್ಕೂ ಇಡೀ ಊರನ್ನ ಮೊದಲಿಂದ ನಕಲು ಹೊಡೀತಾನೆ. ಬೊಮ್ಮಕ್ಕ ನಾಲ್ಕು ಕುರಿ ಮಾರಿದ್ಲು ಅನ್ನು, ಒಂದು ಪಟ್ಟೀಲಿ ಹದಿನಾರು, ಇನ್ನೊಂದ್ರಲ್ಲಿ ಇನ್ನೂ ಇಪ್ಪತ್ತು! ನಾನು ಹಂಗಲ್ಲ. ಬಾಗೂರಿಗೆ ಹೋಗೋವಾಗ ಇಲ್ಲಿ ಕೇಳಿದ ಪ್ರಶ್ನೆಗಳನ್ನಷ್ಟೇ ನಕಲು ಮಾಡ್ಕಂತೀನಿ. ಊರು ಬೇರೆ, ಪ್ರಶ್ನೇನ ಅಲ್ಲಿಗೆ ಬೇಕಾದಂಗೆ ತಿದ್ಕಬೋದು. ಒಂದೇ ಊರಿನ ಕೆಲಸಕ್ಕೆ ಮಾತ್ರ ಒಂದೇ ಮೂಲ ಪುಸ್ತಕ! ಬಾಗಿಲಲ್ಲಿ ಒಂದು ಸಲ ಕೇಳಿ ಬರ್ಕಂಡ್ರೆ ಮುಗೀತು. ಮಿಕ್ಕ ಪಟ್ಟೀಲೆಲ್ಲ 'ಮೂಲ ಪುಸ್ತಕದ ಹನ್ನೆರಡನೇ ಸಾಲು ನೋಡಿ', ಅಷ್ಟೇ. ಅಲ್ಲಿ ತಿದ್ದಿದ್ರೆ ಎಲ್ಲಾ ಕಡೆ ತಿದ್ದಿದಂಗೆ. ಓದಿದೋನಿಗೆ ಹೊಳೀಲಿಲ್ಲ, ನಂಗೆ ಹೊಳೀತು!

ಹೂಂ... ಮೂಲದಲ್ಲೇ ತಪ್ಪಿದ್ರೆ ಎಲ್ಲಾ ಕಡೆ ತಪ್ಪು. ಹಂಗೇ ತಾನೆ ನೀನು ನೋಡ್ತಿರೋದು? ತಪ್ಪೆಲ್ಲೈತೆ, ನೋಡು: ಮೂವತ್ತೊಂದನೇ ಸಾಲು, ಕಾಳಕ್ಕ, 'ಮನೆಗೆ ಬೀಗ ಹಾಕಿತ್ತು.' ಅದಕ್ಕೇ ಮೂರು ಪಟ್ಟೀಲೂ ನೀನಿಲ್ಲ. ಪಟ್ಟಿ ಬರೆಯೋ ದಿನ ಬಂದಿದ್ದೆ ಕಣಕ್ಕ! ಇಲ್ಲೇ ನಿಂತು ಎರಡು ಸಲ ಕೂಗಿದೆ. ಬೀಗ ಹಿಡಿದು ಅಲ್ಲಾಡಿಸಿದೆ...

ಯಾಕೆ ಬಾಗಿಲ ಕಡೆ ನೋಡ್ತೀಯ?

ಏನೈತೆ ಅಲ್ಲಿ...

ಬೀಗ ಹಾಕಾಕೆ ಚಿಲಕಾನೇ ಇಲ್ಲ. ಮುಂಚೆ ಇತ್ತಲ್ಲ? ಯಾವಾಗ ಕಿತ್ತೆ? ನಾನು ಹೋದ್ಮೇಲಾ?... ಬೇಡ. ಹೇಳ್ಬೇಡ.

ಸರಿ, ಬರ್ಲಿಲ್ಲ! ಹುಣಸೆ ಮರದ ತಿರುವಿನ ತನಕ ಬಂದೆ. ನೀನು ಅಂಗಳದಲ್ಲಿ ಕುಂತು ಮರಿಗೆ ಹಾಲು ಕುಡಿಸ್ತಿದ್ದೆ. ಎಲ್ಲಾರ ಬಾಗಿಲಲ್ಲೂ ಕೇಳೋನು ನಾನು. ಈ ಒಂದು ಬಾಗಿಲಲ್ಲಿ ಮಾತ್ರ ನನ್ನನ್ನೇ ಕೇಳ್ತಾರೆ ಅಂತ... ವಾಪಸ್ ತಿರುಗಿದೆ. ಬೀಗ ಅಂತ ಬರೆದೆ. ಏನೀಗ?

ತಿದ್ತೀನಿ, ಇರು. ಪಕ್ಕದಲ್ಲಿ ಕಾರಣ ಬರೀಬೇಕು: 'ಮನೆಗೆ ಹೋಗದೆ ಬರೆದದ್ದು. ಬೀರಪ್ಪ.' ಡಾಕ್ಟ್ರು ಓದಿದ ಕೂಡ್ಲೆ ಕೆಲಸದಿಂದ ತೆಗೀತಾರೆ. ತೆಗೀಲಿ! ಅದಕ್ಕೂ ಮುಂಚೆ ನಾನೇ ಹೊರಟಿರ್ತೀನಿ, ಅಭ್ಯಾಸ ಐತೆ.

ಕುರಿ ನಲವತ್ತೊಂದು, ಒಳಗೆ ಬರ್ತಾನೇ ಎಣಿಸಿದೆ. ಗಬ್ಬದವು ಒಂಬತ್ತು. ಮನೇಲಿ ಎಷ್ಟು ಜನ?

ಎಷ್ಟು ಜನ ಅಕ್ಕ?

ಒಬ್ಳು ಅಂತ ಬರ್ಕಳ್ಳಾ?... ಹಂಗೆ ನೋಡ್ಬೇಡ. ಎಲ್ಲಾ ಮನೇಲೂ ಕೇಳೋ ಪ್ರಶ್ನೇನೇ ಇದು.

ಸರಿ, ಆ ಜಾಗ ಖಾಲಿ ಬಿಡ್ತೀನಿ. ಪುಸ್ತಕ ತಗೋ, ನೀನೇ ಕಂಪೌಂಡರ ಕೈಗೆ ಕೊಡು. ಕುರಿ ಹೊಡ್ಕಂಡು ಹೊರಡು, ಹೊತ್ತಾತು. ನಂದೇನೈತೆ, ಒಂದು ಅಂಗಿ, ಒಂದು ಟವೆಲ್ಲು, ಎಲ್ಲಾ ಈ ಚೀಲದಲ್ಲೇ ಐತೆ. ಹೊಸದುರ್ಗದ ಬಸ್ಸು ಸಿಗ್ತೈತೆ...

ಚೀಲ ಬಿಡಕ್ಕ.