ಅತ್ತೆಯ ಮಂಡಿ, ಸೊಸೆಯ ಲ್ಯಾಬು

ಇಲ್ಲ ಅತ್ತೆ, ನಿಮ್ಮ ಮಗಳೇ ನನಗೆ ಮೊದಲು ಹೇಳಿದ್ದು. "ಅಮ್ಮ ಮಂಡಿ ಕೊಡಲ್ವಂತೆ, ನಿನ್ನ ಲ್ಯಾಬಿಗೆ ಬೇರೆ ಯಾರದ್ದಾದ್ರೂ ನೋಡ್ಕೋ" ಅಂದಳು, ತರಕಾರಿ ವಿಷಯ ಹೇಳೋ ಹಾಗೆ. ನನಗೇ ಹೇಳಬಹುದಿತ್ತಲ್ಲ? ಒಂದೇ ತಟ್ಟೆಗೆ ಬಟಾಣಿ ಬಿಡಿಸ್ತಾ ಕೂತಿದ್ದೀವಿ... ಸರಿ, ಮಾತು ಬಿಟ್ಟಿದ್ದೀರಿ. ಇಬ್ಬರ ಪಾಲಿಂದೂ ನಾನೇ ಮಾತಾಡ್ತೀನಿ, ಅಭ್ಯಾಸ ಇದೆ.

ಮುಂದಿನ ವಾರ ಡಾಕ್ಟರು ಸವೆದ ಮೂಳೆತುದಿ ಕೊಯ್ದು ಹೊಸ ಮಂಡಿ ಕೂರಿಸ್ತಾರೆ. ಕೊಯ್ದದ್ದು ಎಲ್ಲಿಗೆ ಹೋಗುತ್ತೆ? ಕಸದ ಚೀಲಕ್ಕೆ, ಅಲ್ಲಿಂದ ಬೆಂಕಿಗೆ. ಅದರ ಬದಲು ನನ್ನ ಫ್ರಿಜ್ಜಲ್ಲಿ... ಮುಖ ಯಾಕೆ ಹಾಗೆ ಮಾಡ್ತೀರಿ? ಲ್ಯಾಬಿನ ಫ್ರಿಜ್ ಅತ್ತೆ. ಹಾಲಿನ ಪಕ್ಕ ಇಡ್ತೀನಿ ಅಂದ್ಕೊಂಡ್ರಾ?

ಅಯ್ಯೋ, ಬಟಾಣಿ ಬಿತ್ತು. ಇರಲಿ ಬಿಡಿ, ಆಮೇಲೆ ಗುಡಿಸಿದ್ರಾಯ್ತು.

ಒಳಗೆ ಏನು ನೋಡ್ತೀವಿ ಗೊತ್ತಾ? ಮೂಳೆತುದಿಗೆ ನುಣ್ಣಗೆ ಒಂದು ಹೊದಿಕೆ ಇರುತ್ತೆ, ಮೃದ್ವಸ್ಥಿ. ಕೀಲಿನ ಒಳಗೋಡೆಗೆ ತೆಳು ಪೊರೆ. ಎರಡರಲ್ಲೂ ಸಾವಿರಾರು ಪ್ರೋಟೀನು, ದೊಡ್ಡ ಸಂಸಾರ ಇದ್ದ ಹಾಗೆ. ಕೆಲವು ಮನೆ ಕಟ್ತಾವೆ, ಕೆಲವು ಕೆಡವ್ತಾವೆ, ಕೆಲವು ಸುಮ್ಮನೆ ಕೂತು ಬೆಂಕಿ ಹಚ್ತಾವೆ. ನೋವು ಶುರುವಾಗೋ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕಿರುಚ್ತಿರ್ತಾರೆ. ಜಗಳ ಮೊದಲು ತೆಗೆದವರು ಯಾರು ಅನ್ನೋದೇ ನಮ್ಮ ಹುಡುಕಾಟ... ಯಾಕೆ ನಗ್ತೀರಿ? ನಿಮ್ಮ ಮಗಳನ್ನ ನೆನೆಸ್ಕೊಂಡ್ರಾ? ನಾನು ಹೆಸರು ಹೇಳಲಿಲ್ಲಪ್ಪ.

ನಿಮ್ಮ ಮಂಡಿ ಅಂದ್ರೆ ಚಿನ್ನ ಅತ್ತೆ. ಎಕ್ಸ್‌ರೇ ನೋಡಿದೆನಲ್ಲ. ಒಳಮಗ್ಗುಲು ಪೂರ್ತಿ ಸವೆದಿದೆ, ಹೊರಮಗ್ಗುಲು ಇನ್ನೂ ಗಟ್ಟಿಮುಟ್ಟು. ಒಂದೇ ಮಂಡಿ, ಒಂದೇ ಊಟ, ಒಂದೇ ವಯಸ್ಸು. ಒಂದು ಪಕ್ಕ ಸೋತಿತು, ಇನ್ನೊಂದು ಸೋಲಲಿಲ್ಲ. ಯಾಕೆ? ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ತಾನೇ ಗೊತ್ತಾಗೋದು.

ಕನ್ನಡಕದ ಡಬ್ಬಿ ಬೀಳಿಸಿದ್ರಾ? ತಡೀರಿ, ಕೊಡೆ ಇದೆ, ಅದರ ಕೊಕ್ಕೆ ಹಿಡಿಯಲ್ಲೇ ಮೇಲಕ್ಕೆ ಎಳೀತೀನಿ... ಬಂತು ನೋಡಿ. ಬಗ್ಗೋದು ಯಾಕೆ, ಉಪಾಯ ಇರುವಾಗ?

ನಾಳೆ ನಮ್ಮ ಲ್ಯಾಬಿನ ಹುಡುಗಿ ಬಂದು ನಿಮ್ಮ ಒಪ್ಪಿಗೆ ಕೇಳ್ತಾಳೆ. ನಾನು ಕೇಳೋ ಹಾಗಿಲ್ಲ. ಮನೆಯವರು ಬಲವಂತ ಮಾಡಬಾರದು ಅಂತ ನಿಯಮ. ನಾನೇನು ಬಲವಂತ ಮಾಡ್ತಿದ್ದೀನಾ? ಬಟಾಣಿ ಬಿಡಿಸ್ತಿದ್ದೀನಿ.

ಕೊಡೆ ಯಾಕೆ ಕಿತ್ಕೊಂಡ್ರಿ?... ಓಹೋ. ಈಗ ಕೊಡೆನೂ ನೆಲಕ್ಕೆ ಬಿತ್ತು. ತಾನಾಗೇ ಬಿತ್ತು, ಅಲ್ವಾ?

ಹಾಗೆ ನೋಡಬೇಡಿ ಅತ್ತೆ. ಎತ್ತಿಕೊಡ್ತೀನಿ. ಈಗ ಎತ್ತಲೇಬೇಕಾ? ಕಾಲು ಜೋಮು ಹಿಡಿದಿದೆ, ಬೆಳಗ್ಗಿಂದ ನಿಂತು ನಿಂತು... ಜೋಮೇ ಅತ್ತೆ. ಬರೀ ಜೋಮು.

...

ಅಯ್ಯೋ, ನಿಮ್ಮ ಮಂಡಿ ಮೇಲಿದ್ದ ಬಿಸಿನೀರಿನ ಚೀಲ ನನಗ್ಯಾಕೆ? ನೀವೇ ಇಟ್ಕೊಳ್ಳಿ. ಬೇಡ ಅಂದ್ರೆ... ಬಲಗಾಲಲ್ಲ. ಎಡಗಾಲು. ಹೂಂ, ಅಲ್ಲೇ. ಸ್ವಲ್ಪ ಒಳಮಗ್ಗುಲಿಗೆ.

ಯಾವಾಗ ಗೊತ್ತಾಯ್ತು ನಿಮಗೆ? ಮೆಟ್ಟಿಲಿಳಿಯುವಾಗ ನಡುನಡುವೆ ನಿಲ್ಲೋಕೆ ಫೋನಲ್ಲಿ ಮಾತಾಡೋ ಹಾಗೆ ನಟಿಸ್ತೀನಲ್ಲ, ಆಗಲೇನಾ? ನಿಮ್ಮ ಮಗನಿಗೆ ಇಷ್ಟು ವರ್ಷವಾದರೂ ಗೊತ್ತಾಗಿಲ್ಲ ನೋಡಿ. ಗೊತ್ತಾದ್ರೆ "ನಿಂತು ಮಾಡೋ ಕೆಲಸ ಸಾಕು, ಮನೇಲಿರು" ಅಂತಾರೆ. ಅದಕ್ಕೇ ಹೇಳಲಿಲ್ಲ. ಲ್ಯಾಬಲ್ಲಿ ಯಾರ ಮಂಡಿ ಕೊಯ್ದ್ರೂ ನನ್ನದೇ ನೋಡ್ತಿದ್ದೀನಿ ಅನ್ಸುತ್ತೆ. ನಾವು ಹುಡುಕೋದು ಸಿಗೋ ಹೊತ್ತಿಗೆ ನನ್ನ ಮಂಡಿ ಉಳಿದಿರಲ್ಲ, ಅದೂ ಗೊತ್ತು. ಆದ್ರೂ ಕಿಚ್ಚು ಹಚ್ಚಿದ್ದು ಯಾರು ಅಂತ ಒಂದ್ಸಲ ಮುಖ ನೋಡಬೇಕು ಅತ್ತೆ.

ಈಗ ತಲೆ ಆಡಿಸಿದ್ರಲ್ಲ, ಅದು ಕೊಡ್ತೀನಿ ಅಂತಲೋ, ಕೊಡಲ್ಲ ಅಂತಲೋ?... ಬೇಡ, ನನಗೆ ಹೇಳಬೇಡಿ. ನಿಯಮ ನಿಯಮವೇ. ನಾಳೆ ಆ ಹುಡುಗಿಗೇ ಹೇಳಿ.

ನನ್ನ ಮಂಡಿ ವಿಷಯ ಮಾತ್ರ ನಿಮ್ಮ ಮಗನಿಗೆ ನೀವೇ ಹೇಳಿಬಿಡಿ. ನನ್ನ ಬಾಯಲ್ಲಿ ಬರಲ್ಲ. ಕೆಲಸ ಬಿಡಲ್ಲ ಅನ್ನೋದನ್ನೂ ಸೇರಿಸಿ ಹೇಳಿ. ಗೇಟಿನ ಸದ್ದಾಯ್ತು, ಅವರೇ ಬಂದರು ಅನ್ಸುತ್ತೆ... ಮೊದಲು ಆ ಕೊಡೆ ಎತ್ತಿಕೊಡೋಕೆ ಹೇಳಿ. ಇಲ್ಲಿ ಬಗ್ಗೋರು ಯಾರೂ ಇಲ್ಲ.